ನಮ್ಮೂರಿನ ಕ್ರೀಡಾ ಗೌರವ ಭವನದಲ್ಲಿ ಯಾರಿರಬೇಕು?



ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಪರವಾಗಿ ಮೊಟ್ಟಮೊದಲ ಗೋಲು ಹೊಡೆದವರು ಯಾರು? ಕ್ರಿಕೆಟ್ಟಿನ ಪ್ರಶ್ನೆಯಾಗಿದ್ದರೆ ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಕೈ ಎತ್ತಿರುತ್ತಿದ್ದಿರಿ. ಉತ್ತರ, ಸಾರಂಗಪಾಣಿ ರಾಮನ್. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ತಂಡವನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿದವು. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಇನ್ನೇನು ಒಂದು ನಿಮಿಷವಿದೆ ಎನ್ನುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಆ ರಾಮನ್ ನಮ್ಮ ಬೆಂಗಳೂರಿನ ಆಟಗಾರರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದಾಗ, ಆ ಒಂದು ಗೋಲು ಅವರದು. ಅವರು ತೀರಿಕೊಂಡದ್ದು 2017ರಲ್ಲಿ, ಇದೇ ಊರಿನಲ್ಲಿ. ನೀವು ಹತ್ತುವ ಬಸ್ಸಿನಲ್ಲಿ, ನೀವು ತರಕಾರಿ ಕೊಳ್ಳುವ ಅಂಗಡಿಯಲ್ಲಿ ಎರಡು ಸಲ ಒಲಿಂಪಿಕ್ಸ್ ಆಡಿದ ಒಬ್ಬ ಮನುಷ್ಯ ನಿಮ್ಮ ಪಕ್ಕದಲ್ಲೇ ನಿಂತಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ತಪ್ಪು ನಿಮ್ಮದಲ್ಲ. ಗೊತ್ತುಮಾಡಿಕೊಳ್ಳಲು ನಾವು, ಅಂದರೆ ಹಿರಿಯರು, ಒಂದು ಜಾಗ ಮಾಡಿಕೊಟ್ಟಿದ್ದರೆ ತಾನೆ!

ಅಂಥ ಜಾಗಕ್ಕೆ ಇಂಗ್ಲಿಷಿನವರು 'ಹಾಲ್ ಆಫ್ ಫೇಮ್' ಎನ್ನುತ್ತಾರೆ. ಕನ್ನಡದಲ್ಲಿ 'ಗೌರವ ಭವನ' ಎನ್ನೋಣ. ಕ್ರೀಡೆಯಲ್ಲಿ ಇವುಗಳಲ್ಲೆಲ್ಲ ಹೆಸರಾದದ್ದು ಅಮೆರಿಕದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನ ಬೇಸ್‌ಬಾಲ್ ಗೌರವ ಭವನ. 1936ರಲ್ಲಿ ಮೊದಲ ಐವರು ಆಟಗಾರರನ್ನು ಆರಿಸಲಾಯಿತು, ಕಟ್ಟಡದ ಬಾಗಿಲು ತೆರೆದದ್ದು 1939ರಲ್ಲಿ. ಆಟಗಾರನೊಬ್ಬ ಅಲ್ಲಿಗೆ ಆಯ್ಕೆಯಾಗಬೇಕಾದರೆ ಮತ ಹಾಕುವ ಕ್ರೀಡಾ ಬರಹಗಾರರಲ್ಲಿ ನೂರಕ್ಕೆ 75 ಮಂದಿ ಒಪ್ಪಬೇಕು. ಆದರೆ ನನಗೆ ಹೆಚ್ಚು ಇಷ್ಟವಾಗುವುದು ಆ ದೊಡ್ಡ ಭವನವಲ್ಲ. ಅದನ್ನು ನೋಡಿ ಆ ದೇಶದ ಅನೇಕ ನಗರಗಳು, ಶಾಲೆಗಳು ತಮ್ಮ ತಮ್ಮ ಗೌರವ ಭವನಗಳನ್ನು ಮಾಡಿಕೊಂಡವಲ್ಲ, ಅವು. ಕೆಲವು ಕಡೆ ಅದು ಶಾಲೆಯ ಹಜಾರದ ಒಂದು ಗೋಡೆ, ಅಷ್ಟೇ. ಅಲ್ಲಿ ಆಟಗಾರರ ಜೊತೆಯಲ್ಲೇ ಅವರಿಗೆ ಆಟ ಕಲಿಸಿದವರ ಚಿತ್ರವೂ ಇರುತ್ತದೆ. ಸ್ಪ್ರಿಂಗ್‌ಫೀಲ್ಡ್‌ನ ಬ್ಯಾಸ್ಕೆಟ್‌ಬಾಲ್ ಗೌರವ ಭವನದಲ್ಲಂತೂ ತರಬೇತುದಾರರಿಗೆ ಬೇರೆ ವಿಭಾಗವೇ ಇದೆ. ಜಾನ್ ವುಡನ್ ಎಂಬವರು 1960ರಲ್ಲಿ ಆಟಗಾರರಾಗಿ, 1973ರಲ್ಲಿ ತರಬೇತುದಾರರಾಗಿ, ಹೀಗೆ ಎರಡು ಸಲ ಆ ಭವನ ಹೊಕ್ಕರು. ಈ ಎರಡನ್ನೂ ಸಾಧಿಸಿದವರಲ್ಲಿ ಅವರೇ ಮೊದಲಿಗರು.

ಇದೆಲ್ಲ ಪರದೇಶದ ಸಂಪ್ರದಾಯ, ನಮಗೇಕೆ ಎಂದು ಕೆಲವರು ಕೇಳಬಹುದು. ಹಾಗೆ ಕೇಳುವವರು ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಒಮ್ಮೆ ಹೋಗಿ ಬರಬೇಕು. 'ಬೆಂಗಳೂರು' ಎಂಬ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲೊಂದು ಅಲ್ಲಿದೆ. ಕಾಲ ಸುಮಾರು ಕ್ರಿ.ಶ. 900. ಅದು ರಾಜನ ಬಿರುದಾವಳಿಯಲ್ಲ, ಒಂದು ವೀರಗಲ್ಲು. ಬೆಂಗಳೂರು ಕಾಳಗದಲ್ಲಿ ಮಡಿದವರ ನೆನಪಿಗಾಗಿ ನಿಂತ ಕಲ್ಲು. ಅಂದರೆ ನಮ್ಮ ಊರಿನ ಹೆಸರೇ ನಮಗೆ ಸಿಗುವುದು ಒಂದು ನೆನಪಿನ ಕಲ್ಲಿನ ಮೂಲಕ. ಇನ್ನೂ ಸ್ವಾರಸ್ಯದ್ದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಕ್ರಿ.ಶ. 949-50ರ ಕಲ್ಲು. ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತ 'ಕಾಳಿ' ಎಂಬ ನಾಯಿಯ ಹೆಸರನ್ನು ಅದರ ಒಡೆಯ ಮಣಲೇರ ಆ ಕಲ್ಲಿನಲ್ಲಿ ಉಳಿಸಿದ್ದಾನೆ. ಆ ಕಲ್ಲನ್ನು ಪೂಜಿಸದೆ ಪೂಜಾರಿ ಊಟ ಮಾಡಿದರೆ ಪಾಪ ಬರುತ್ತದೆಂದೂ ಬರೆಸಲಾಗಿದೆ. ಗಮನಿಸಿ, ಕಲ್ಲು ನಿಲ್ಲಿಸಿದರೆ ಸಾಲದು, ಅದನ್ನು ನೋಡಿಕೊಳ್ಳುವವರೂ ಬೇಕು ಎಂಬ ಎಚ್ಚರ ಆ ಕಾಲದವರಿಗಿತ್ತು. ನಮ್ಮ ಕಾಲದಲ್ಲಿ ಉದ್ಘಾಟನೆಯ ಫಲಕದ ಮೇಲೆ ಉದ್ಘಾಟಿಸಿದವರ ಹೆಸರು ದಪ್ಪ ಅಕ್ಷರಗಳಲ್ಲಿರುತ್ತದೆ. ಒರೆಸುವವರ ವ್ಯವಸ್ಥೆ ಇರುವುದಿಲ್ಲ.

ಕ್ರೀಡೆಗೇ ಬರುವುದಾದರೆ, ಗರಡಿಮನೆಯ ಗೋಡೆಯನ್ನು ನೋಡಿ. ಮೈಸೂರಿನ ಹಳೆಯ ಗರಡಿಗಳಲ್ಲಿ ಕೆಮ್ಮಣ್ಣಿನ ಮಟ್ಟಿ, ಹನುಮಂತನ ಪಟ ಇವುಗಳ ಜೊತೆಗೆ ಹಿಂದಿನ ಪೈಲ್ವಾನರ ಮತ್ತು ಉಸ್ತಾದರ ಚಿತ್ರಗಳು ಇರುತ್ತವೆ. ಅಖಾಡಕ್ಕೆ ಇಳಿಯುವ ಹುಡುಗ ಮಟ್ಟಿಗೆ ಕೈಮುಗಿಯುವಾಗ ಉಸ್ತಾದರಿಗೂ ಮುಗಿದಂತಾಗುತ್ತದೆ. ಯಾವ ಸಮಿತಿಯೂ ಇಲ್ಲದೆ, ಯಾವ ಅನುದಾನವೂ ಇಲ್ಲದೆ ನಡೆದುಬಂದ ಗೌರವ ಭವನ ಅದು. ಗುರು ಮತ್ತು ಶಿಷ್ಯ ಒಂದೇ ಗೋಡೆಯ ಮೇಲೆ.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ನಿಮಗೆ ಗೊತ್ತೆ, ಒಲಿಂಪಿಕ್ಸ್‌ನಲ್ಲಿ ತರಬೇತುದಾರನಿಗೆ ಪದಕವಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಹೆಸರು, ದೇಶ, ಸಮಯ ಎಂಬ ಅಂಕಣಗಳಿವೆ. ಕಲಿಸಿದವರು ಯಾರು ಎಂಬ ಅಂಕಣವಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವವನಾಗಿ ಇದನ್ನು ಇನ್ನೊಂದು ಬಗೆಯಲ್ಲೂ ಹೇಳಬಲ್ಲೆ. ಓಟದ ಸ್ಪರ್ಧೆಯನ್ನು ಚಿತ್ರೀಕರಿಸುವಾಗ ಕ್ಯಾಮೆರಾಗಳ ಕಣ್ಣೆಲ್ಲ ಗೆರೆಯ ಮೇಲೆ. ತರಬೇತುದಾರ ಸಾಮಾನ್ಯವಾಗಿ ನಿಲ್ಲುವುದು ಎದುರಿನ ತಿರುವಿನ ಹತ್ತಿರ, ಬೇಲಿಯ ಆಚೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು. ಶಿಷ್ಯೆ ಎಷ್ಟು ಸೆಕೆಂಡಿಗೆ ಆ ತಿರುವು ದಾಟಿದಳು ಎಂಬುದು ಅವರಿಗೆ ಮುಖ್ಯ. ಆ ಜಾಗಕ್ಕೆ ನಾವು ಕ್ಯಾಮೆರಾ ಕಳಿಸುವುದಿಲ್ಲ.

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಓಟವನ್ನೇ ತೆಗೆದುಕೊಳ್ಳಿ. ಪಿ. ಟಿ. ಉಷಾ 55.42 ಸೆಕೆಂಡುಗಳಲ್ಲಿ ಓಡಿ ನಾಲ್ಕನೆಯವರಾದರು. ಕಂಚು ಗೆದ್ದ ರೊಮೇನಿಯದ ಓಟಗಾರ್ತಿಯ ಸಮಯ 55.41. ಲೆಕ್ಕ ಹಾಕಿ ನೋಡಿ: 400 ಮೀಟರನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 7.2 ಮೀಟರ್ ವೇಗ. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರ ಏಳು ಸೆಂಟಿಮೀಟರ್, ನಿಮ್ಮ ಅಂಗೈಯ ಅಗಲ. ಆ ಏಳು ಸೆಂಟಿಮೀಟರಿನಿಂದಾಗಿ ಪದಕದ ಪಟ್ಟಿಯಲ್ಲಿ ಉಷಾ ಇಲ್ಲ. ಆದರೂ ದೇಶ ಅವರನ್ನು ಮರೆಯಲಿಲ್ಲ, 1985ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ಹುಡುಗಿಯಾಗಿದ್ದಾಗಿನಿಂದ ತಿದ್ದಿದ ಒ. ಎಂ. ನಂಬಿಯಾರ್ ಅವರಿಗೆ ಅದೇ 1985ರಲ್ಲಿ, ಆಗಷ್ಟೇ ಆರಂಭವಾಗಿದ್ದ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿತು. ಅರ್ಜುನ ಪ್ರಶಸ್ತಿ ಇದ್ದದ್ದು 1961ರಿಂದ; ಗುರುಗಳಿಗೊಂದು ಪ್ರಶಸ್ತಿ ಬೇಕೆಂದು ತೋರಲು 24 ವರ್ಷ ಹಿಡಿಯಿತು. ನಂಬಿಯಾರ್ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ, ಶಿಷ್ಯೆಗೆ ಬಂದ 36 ವರ್ಷಗಳ ಮೇಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

(ಹೆಸರಿನ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರ ಗುರುಗಳಿಗೆ ಕೊಡುವುದು ದ್ರೋಣಾಚಾರ್ಯ ಪ್ರಶಸ್ತಿ. ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ದ್ರೋಣರು ಏಕಲವ್ಯನಿಗೆ ಏನು ಕಲಿಸಿದರು, ಏನು ಕೇಳಿದರು ಎಂಬುದು ನಿಮಗೆಲ್ಲ ಗೊತ್ತಿದೆ. ಎರಡೂ ಪ್ರಶಸ್ತಿಗಳನ್ನು ಒಂದೇ ಮನೆಯ ಷೋಕೇಸಿನಲ್ಲಿ ಅಕ್ಕಪಕ್ಕ ಇಡುವಾಗ ಸ್ವಲ್ಪ ಮುಜುಗರವಾಗದೆ ಇರದು.)

ಈಗ ಬೆಂಗಳೂರಿಗೊಂದು ಗೌರವ ಭವನ ಕಟ್ಟುವ ಕೆಲಸ ನಿಮಗೇ ಕೊಟ್ಟರೆಂದು ಇಟ್ಟುಕೊಳ್ಳಿ. ಪ್ರಕಾಶ್ ಪಡುಕೋಣೆ ಅವರ ಹೆಸರನ್ನು ಎಲ್ಲರೂ ಬರೆಯುತ್ತೀರಿ. 1971ರಿಂದ 1979ರವರೆಗೆ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ವಿರುದ್ಧ 15-3, 15-10ರ ಜಯ. ಸರಿ. ಆದರೆ ಅವರ ಕೈಗೆ ಮೊದಲು ರ‍್ಯಾಕೆಟ್ ಕೊಟ್ಟು ಆಟ ಹೇಳಿಕೊಟ್ಟವರು ತಂದೆ ರಮೇಶ್ ಪಡುಕೋಣೆ. ಅಭ್ಯಾಸ ನಡೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟವಿಲ್ಲ! ನನ್ನನ್ನು ಕೇಳಿದರೆ, ತಂದೆಯ ಹೆಸರೂ ಆ ಹಾಲ್‌ನ ಚಿತ್ರವೂ ಮಗನ ಚಿತ್ರದ ಪಕ್ಕದಲ್ಲೇ ಇರಬೇಕು.

ರಾಹುಲ್ ದ್ರಾವಿಡ್ ಅವರ ಹೆಸರನ್ನೂ ಬರೆಯುತ್ತೀರಿ. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಆ ಹುಡುಗನನ್ನು ಗುರುತಿಸಿದ ಕೆಕಿ ತಾರಾಪೋರ್ ಅವರ ಹೆಸರನ್ನು? ಈಜಿನಲ್ಲಿ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು. ಬಸವನಗುಡಿಯ ಈಜುಕೊಳದಲ್ಲಿ ಅವರನ್ನು ತಯಾರು ಮಾಡಿದ ಪ್ರದೀಪ್ ಕುಮಾರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 2016ರಲ್ಲಿ. ಅದರ ಹಿಂದಿನ ವರ್ಷ ಇದೇ ಊರಿನ ಇನ್ನೊಬ್ಬ ಈಜು ಗುರು ನಿಹಾರ್ ಅಮೀನ್ ಅವರಿಗೆ ಬಂದಿತ್ತು. ಅಥ್ಲೆಟಿಕ್ಸ್ ತರಬೇತುದಾರ ವಿ. ಆರ್. ಬೀಡು ಅವರಿಗೆ 2018ರಲ್ಲಿ. ಇವರ ಹೆಸರುಗಳು ಪತ್ರಿಕೆಯಲ್ಲಿ ಒಂದು ದಿನ ಬಂದವು. ಮರುದಿನ ಆ ಜಾಗದಲ್ಲಿ ಬೇರೆ ಸುದ್ದಿ ಬಂತು.

ಪ್ರಶಸ್ತಿ ಬಂದವರ ಗತಿ ಹೀಗಾದರೆ, ಬಾರದವರ ಪಾಡೇನು? ನಿಮ್ಮ ಶಾಲೆಯ ಪಿ.ಟಿ. ಮೇಷ್ಟ್ರನ್ನು ನೆನೆಸಿಕೊಳ್ಳಿ. ಸುಣ್ಣದ ಪುಡಿಯಿಂದ ಟ್ರ್ಯಾಕಿನ ಗೆರೆ ಎಳೆಯುವವರು ಅವರು, ಉದ್ದಜಿಗಿತದ ಗುಂಡಿಗೆ ಮರಳು ತರಿಸುವವರು ಅವರು, ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗುವಾಗ ಬಸ್‌ಚಾರ್ಜಿಗೆ ತಮ್ಮ ಜೇಬಿನಿಂದ ಕೊಡುವವರೂ ಅನೇಕ ಸಲ ಅವರೇ. ಹುಡುಗ ರಾಜ್ಯ ತಂಡಕ್ಕೆ ಬಂದಮೇಲೆ ಬೇರೆ ತರಬೇತುದಾರರು ಸಿಗುತ್ತಾರೆ, ರಾಷ್ಟ್ರೀಯ ಶಿಬಿರದಲ್ಲಿ ಮತ್ತೊಬ್ಬರು. ಹೂವಿನ ಹಾರ ಹೆಚ್ಚಾಗಿ ಬೀಳುವುದು ಕೊನೆಯವರ ಕೊರಳಿಗೆ. ಮೊದಲಿನವರನ್ನು ಪಟ್ಟಿಗೆ ತರದ ಗೌರವ ಭವನಕ್ಕೆ ನಾನು ಅರ್ಧ ಅಂಕವನ್ನಷ್ಟೇ ಕೊಡುತ್ತೇನೆ.

ಇನ್ನೊಂದು ತೊಡಕು, 'ನಮ್ಮೂರಿನವರು' ಎಂದರೆ ಯಾರು? ಜಿ. ಆರ್. ವಿಶ್ವನಾಥ್ ಭದ್ರಾವತಿಯವರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ ಕೆನೆತ್ ಪೊವೆಲ್ ಕೋಲಾರದ ಚಿನ್ನದ ಗಣಿಯ ಊರಿನವರು. 2022ರಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಪುಲ್ಲೇಲ ಗೋಪಿಚಂದ್ ಆಂಧ್ರದವರು, ಆದರೆ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಾಗ ಅವರು ಅಭ್ಯಾಸ ಮಾಡುತ್ತಿದ್ದದ್ದು ಇದೇ ಊರಿನಲ್ಲಿ, ಗಂಗೂಲಿ ಪ್ರಸಾದ್ ಅವರ ಕೈಕೆಳಗೆ. ಜನ್ಮ ಪ್ರಮಾಣಪತ್ರ ನೋಡಿ ತೀರ್ಮಾನಿಸುವುದಾದರೆ ಬೆಂಗಳೂರಿನ ಪಟ್ಟಿ ಬಹಳ ಚಿಕ್ಕದಾದೀತು. ಎಲ್ಲಿ ಹುಟ್ಟಿದರು ಎಂಬುದಕ್ಕಿಂತ ಎಲ್ಲಿ ಬೆವರು ಸುರಿಸಿದರು ಎಂಬುದೇ ಅಳತೆಯಾಗಲಿ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಮಾಲತಿ ಹೊಳ್ಳ ಅವರಂಥ, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಎಚ್. ಎನ್. ಗಿರೀಶ ಅವರಂಥ ಅಂಗವಿಕಲ ಕ್ರೀಡಾಪಟುಗಳಿಗೆ ಪ್ರತ್ಯೇಕ ಮೂಲೆ ಬೇಡ, ಅದೇ ಗೋಡೆ ಸಾಕು. ರಿಲೇ ಓಟಗಾರರನ್ನೂ ಮರೆಯಬೇಡಿ. 1986ರ ಸೋಲ್ ಏಷ್ಯಾಡ್‌ನ 4x400 ಮೀಟರ್ ಚಿನ್ನ ಎಂದಕೂಡಲೇ ಉಷಾ ನೆನಪಾಗುತ್ತಾರೆ. ಆ ಬ್ಯಾಟನ್ ಹಿಡಿದ ಇನ್ನೂ ಮೂವರಿದ್ದರು: ವಲ್ಸಮ್ಮ, ಶೈನಿ ಅಬ್ರಹಾಂ, ಮತ್ತು ನಮ್ಮ ಕರ್ನಾಟಕದ ವಂದನಾ ರಾವ್.

ನಾನು ವಿಜ್ಞಾನ ಓದಿದವನು. ಅಳತೆಯ ಮಾತು ಬಂದಾಗ ಸುಮ್ಮನಿರಲಾರೆ. ಹಳಬರನ್ನೂ ಹೊಸಬರನ್ನೂ ಸೆಕೆಂಡಿನ ಲೆಕ್ಕದಲ್ಲಿ ಹೋಲಿಸುವಾಗ ಬಹಳ ಎಚ್ಚರ ಬೇಕು. ಹಿಂದೆ ಸಮಯ ಅಳೆಯುತ್ತಿದ್ದದ್ದು ಕೈಗಡಿಯಾರದಿಂದ, ಅಂದರೆ ಸ್ಟಾಪ್‌ವಾಚ್‌ನಿಂದ. ಪಿಸ್ತೂಲಿನ ಹೊಗೆ ಕಂಡಮೇಲೆ ಅಧಿಕಾರಿ ಗುಂಡಿ ಒತ್ತುತ್ತಾನೆ. ಕಣ್ಣು ಕಂಡು, ಮಿದುಳು ಅರಿತು, ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ಸಮಯ ಕಳೆದುಹೋಗಿರುತ್ತದೆ. ಕೊನೆಯಲ್ಲಿ ಹಾಗಾಗುವುದಿಲ್ಲ, ಓಟಗಾರ ಬರುವುದು ಮೊದಲೇ ಕಾಣುತ್ತದೆ. ಹೀಗಾಗಿ ಕೈ ಅಳತೆಯ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. 100 ಮತ್ತು 200 ಮೀಟರ್ ಓಟಗಳಿಗೆ 0.24 ಸೆಕೆಂಡು, 400 ಮೀಟರಿಗೆ 0.14 ಸೆಕೆಂಡು ಸೇರಿಸಿ ಹೋಲಿಸುವ ರೂಢಿ ಇದರಿಂದ ಬಂತು. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್ ಅವರ ಕೈ ಅಳತೆಯ ಸಮಯ 45.6, ವಿದ್ಯುನ್ಮಾನ ಅಳತೆಯದು 45.73. ವ್ಯತ್ಯಾಸ 0.13, ಸೂತ್ರ ಎಷ್ಟು ಹತ್ತಿರ ಬಂತು ನೋಡಿ. 100 ಮೀಟರನ್ನು 11 ಸೆಕೆಂಡಿನಲ್ಲಿ ಓಡುವವನಿಗೆ 0.24 ಸೆಕೆಂಡು ಎಂದರೆ ಎರಡು ಮೀಟರಿಗೂ ಹೆಚ್ಚು. ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಮೀರಿದರೆ ಆ ಓಟ ದಾಖಲೆಗೆ ಸಲ್ಲುವುದಿಲ್ಲ ಎಂಬ ನಿಯಮವೂ ಇದೆ. ಇನ್ನು ನೆಲದ ವಿಷಯ: ಪೊವೆಲ್ ಟೋಕಿಯೊದಲ್ಲಿ ಓಡಿದ್ದು ಸಿಂಡರ್ ಟ್ರ್ಯಾಕಿನ ಮೇಲೆ, ಅಂದರೆ ಕಲ್ಲಿದ್ದಲು ಉರಿದುಳಿದ ಕಿಟ್ಟವನ್ನು ಪುಡಿಮಾಡಿ ಹಾಸಿದ ಹಾದಿ. ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದದ್ದು ಮುಂದಿನ ಸಲ, 1968ರಲ್ಲಿ. ಇಂದಿನ ಕಾಲೇಜು ಹುಡುಗನೊಬ್ಬ 'ಆ ಸಮಯ ನಾನೂ ಓಡುತ್ತೇನೆ' ಎಂದರೆ, 'ಯಾವ ನೆಲದ ಮೇಲಪ್ಪಾ?' ಎಂದು ಕೇಳಬೇಕಾಗುತ್ತದೆ. ತನ್ನ ಕಾಲದವರಲ್ಲಿ ಅವನು ಎಲ್ಲಿ ನಿಂತಿದ್ದ ಎಂಬುದೇ ನ್ಯಾಯವಾದ ಪ್ರಶ್ನೆ.

ಆರಿಸುವವರು ಯಾರು ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ಜನರ ಮತದಿಂದ ಆರಿಸಿದರೆ ಇತ್ತೀಚಿನವರೂ ಕ್ರಿಕೆಟಿಗರೂ ಗೆಲ್ಲುತ್ತಾರೆ. ಖೊ ಖೊ ಆಡಿದವರು ಠೇವಣಿ ಕಳೆದುಕೊಳ್ಳುತ್ತಾರೆ. ಅಧಿಕಾರದಲ್ಲಿರುವ ಪದಾಧಿಕಾರಿಗಳೇ ಆರಿಸಿದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಕೂಪರ್ಸ್‌ಟೌನ್‌ನಲ್ಲಿ ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆಯಬೇಕೆಂಬ ನಿಯಮವಿದೆ, ಚಪ್ಪಾಳೆಯ ಸದ್ದು ಅಡಗಿದ ಮೇಲೆ ತೂಗಿ ನೋಡಲೆಂದು. ನಿಯಮಕ್ಕೆ ಕರುಣೆಯೂ ಇರಬೇಕು. ಲೂ ಗೆರಿಗ್ ಎಂಬ ಮಹಾನ್ ಆಟಗಾರ 1939ರಲ್ಲಿ ನರಗಳ ಗುಣವಾಗದ ಕಾಯಿಲೆಯಿಂದ ಆಟ ಬಿಟ್ಟಾಗ, ಕಾಯುವುದನ್ನೆಲ್ಲ ಬದಿಗಿಟ್ಟು ಅದೇ ವರ್ಷ ಅವನನ್ನು ಆರಿಸಿದರು. ಅವನು ತೀರಿಕೊಂಡದ್ದು 1941ರಲ್ಲಿ. ವಯಸ್ಸಾದ ತರಬೇತುದಾರರ ವಿಷಯದಲ್ಲಿ ನಾವೂ ಅವಸರ ಮಾಡಬೇಕು.

ಭವನಕ್ಕೆ ಜಾಗ, ಹಣ, ಮಂಜೂರಾತಿ ಬೇಕು. ಅದು ದೊಡ್ಡವರ ಕೆಲಸ, ಆಗುವಾಗ ಆಗಲಿ. ಮಾಹಿತಿ ಕೂಡಿಸುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಬಡಾವಣೆಯಲ್ಲಿ, ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ಆಡಿದವರೂ ಆಡಿಸಿದವರೂ ಇದ್ದೇ ಇರುತ್ತಾರೆ. ಒಂದು ನೋಟ್‌ಬುಕ್ ಹಿಡಿದು ಹೋಗಿ. ಯಾವ ವರ್ಷ, ಯಾವ ಊರು, ಯಾವ ಸ್ಪರ್ಧೆ, ಸಮಯವಾದರೆ ಕೈ ಅಳತೆಯೋ ವಿದ್ಯುನ್ಮಾನವೋ, ಜೊತೆಯಲ್ಲಿ ಯಾರಿದ್ದರು, ಇವನ್ನೆಲ್ಲ ಕೇಳಿ ಬರೆದುಕೊಳ್ಳಿ. 'ನಿಮಗೆ ಕಲಿಸಿದವರು ಯಾರು?' ಎಂದು ಕೇಳಿ ಅಲ್ಲಿಗೇ ನಿಲ್ಲಿಸಬೇಡಿ, 'ಎಲ್ಲರಿಗಿಂತ ಮೊದಲು?' ಎಂದೂ ಕೇಳಿ. ಹೇಳಿದ್ದನ್ನು ಆ ದಿನದ ಪತ್ರಿಕೆಯೊಂದಿಗೋ ಪ್ರಮಾಣಪತ್ರದೊಂದಿಗೋ ತಾಳೆ ನೋಡಿ. ನೆನಪು ಪ್ರಾಮಾಣಿಕವಾಗಿದ್ದರೂ ವರ್ಷಗಳನ್ನು ಅದಲು ಬದಲು ಮಾಡುತ್ತದೆ.

ಅವರು ತೋರಿಸುವ ಪತ್ರಿಕೆಯ ತುಣುಕುಗಳು ಹಳದಿಯಾಗಿ ಪುಡಿಯಾಗುತ್ತಿರುತ್ತವೆ. ಸುದ್ದಿಕಾಗದವನ್ನು ಮರದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಉಳಿದುಕೊಳ್ಳುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಾಗಿದಂತೆ ಬಣ್ಣಗೆಟ್ಟು ಆಮ್ಲವನ್ನು ಹುಟ್ಟಿಸುತ್ತದೆ. ಆದ್ದರಿಂದ ಆ ತುಣುಕನ್ನು ಗೋಂದು ಹಚ್ಚಿ ಆಲ್ಬಮ್ಮಿಗೆ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಫೋಟೋಗಳ ಜೊತೆ ಸೇರಿಸಿಡಬೇಡಿ. ಮೊದಲು ಅದರ ಒಂದು ಒಳ್ಳೆಯ ಪ್ರತಿ ತೆಗೆಯಿರಿ. ಮೂಲವನ್ನು ಬಿಸಿಲು ಬೀಳದ, ಥಂಡಿ ಇಲ್ಲದ ಕಡೆ ಬೇರೆ ಲಕೋಟೆಯಲ್ಲಿಡಿ. ಗ್ರೂಪ್ ಫೋಟೋ ಸಿಕ್ಕಿದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಹೆಚ್ಚು ಒತ್ತದೆ, ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಬರೆಯಿರಿ. ಪೆನ್ನಿನಲ್ಲಿ ಬರೆದರೆ ಶಾಯಿ ಮುಂಬದಿಗೆ ಇಳಿಯುತ್ತದೆ. ಕಪ್ ಹಿಡಿದು ಕುಳಿತ ನಾಯಕನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಹಿಂದಿನ ಸಾಲಿನ ಕೊನೆಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿರುವವರು ಯಾರು ಎಂದು ವಿಚಾರಿಸಿಕೊಂಡು ಅವರ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಬರೆಯಿರಿ.